ಚೀನಾ ಇಂಗ್ಲಿಷನ್ನು ಕೈಬಿಡುತ್ತಿದೆಯೇ? ಗಾವೊಕಾವೊ ಪರೀಕ್ಷೆಯ 150 ಅಂಕಗಳ ಲೆಕ್ಕ

ಚೀನಾದ ಶಿಕ್ಷಣದ ಬಗ್ಗೆ ಕಳೆದ ಕೆಲವು ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವರಿಗೆ ತಲೆ ಕೆಡುವುದು ಸಹಜ. 2021ರ ಆಗಸ್ಟ್‌ನಲ್ಲಿ ಶಾಂಘೈ ನಗರವು ತನ್ನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷಿನ ವಾರ್ಷಿಕ ಪರೀಕ್ಷೆಯನ್ನು ನಿಲ್ಲಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಶಿಯಾನ್ ಜಿಯಾವೊಟಾಂಗ್ ವಿಶ್ವವಿದ್ಯಾಲಯವು, ಪದವಿ ಕೈಗೆ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿರಲೇಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ಇವೆರಡನ್ನು ಓದಿದವರು ಚೀನಾ ಇಂಗ್ಲಿಷಿಗೆ ಬಾಗಿಲು ಮುಚ್ಚುತ್ತಿದೆ ಎಂದುಕೊಂಡರು. ಆದರೆ ಅದೇ 2021ರಲ್ಲಿ ರಾಜಧಾನಿ ಬೀಜಿಂಗ್, ಪ್ರೌಢಶಿಕ್ಷಣದ ಕೊನೆಯಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಆಲಿಸುವುದಕ್ಕೂ ಮಾತನಾಡುವುದಕ್ಕೂ ಸೇರಿಸಿ 50 ಅಂಕ ಮೀಸಲಿಟ್ಟಿತು. ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಏರಿಕೆ. ಇವೆರಡೂ ಒಂದೇ ದೇಶದ ನೀತಿಯಾಗುವುದು ಹೇಗೆ?

ಈ ಗೊಂದಲದ ಮೂಲ ನಾವು ಕೇಳುವ ಪ್ರಶ್ನೆಯಲ್ಲೇ ಇದೆ. ಗಾವೊಕಾವೊ ಎಂಬ ಆ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯನ್ನು ವಿದ್ಯಾರ್ಥಿಗಳ ಇಂಗ್ಲಿಷ್ ಅಳೆಯುವ ಸಾಧನವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಮೊದಲ ಕೆಲಸವೇ ಬೇರೆ. 2024ರಲ್ಲಿ 1 ಕೋಟಿ 34 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದ ಆ ಪರೀಕ್ಷೆಯಲ್ಲಿ, ಯಾರು ಮುಂದೆ ಯಾರು ಹಿಂದೆ ಎಂದು ತಕರಾರಿಲ್ಲದಂತೆ ಸಾಲು ನಿಲ್ಲಿಸುವುದೇ ಮೊದಲ ಕೆಲಸ. ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ತಿಳಿಯುವುದು ಅದರ ನಂತರದ್ದು. ಈ ಎರಡು ಕೆಲಸಗಳ ನಡುವಿನ ಎಳೆದಾಟವನ್ನು ಹಿಡಿದು ನೋಡಿದರೆ ಒಂದಕ್ಕೊಂದು ವಿರುದ್ಧವೆನ್ನಿಸುವ ಸುದ್ದಿಗಳಿಗೆ ಅರ್ಥ ಸಿಗುತ್ತದೆ.

ಮಾಧ್ಯಮದ ಜಗಳ ಅಲ್ಲಿಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಇಂಗ್ಲಿಷಿನ ಚರ್ಚೆ ಎಂದರೆ ಬಹುಮಟ್ಟಿಗೆ ಕಲಿಕೆಯ ಮಾಧ್ಯಮದ ಚರ್ಚೆ. ಚೀನಾದ ಸಾಮಾನ್ಯ ಶಾಲೆಗಳಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಗಣಿತ, ಭೌತಶಾಸ್ತ್ರ, ಇತಿಹಾಸಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ಮಾತು ಅಲ್ಲಿಲ್ಲ. ಇಂಗ್ಲಿಷ್ ಅಲ್ಲಿ ಒಂದು ವಿಷಯ ಮಾತ್ರ. ಆದರೆ ಆ ಒಂದು ವಿಷಯಕ್ಕೆ ಸಿಕ್ಕಿರುವ ತೂಕ ಸಣ್ಣದಲ್ಲ. ಬಹುತೇಕ ಪ್ರಾಂತ್ಯಗಳಲ್ಲಿ ಗಾವೊಕಾವೊದ ಒಟ್ಟು ಅಂಕ 750. ಅದರಲ್ಲಿ ಚೀನೀ ಭಾಷೆಗೆ 150, ಗಣಿತಕ್ಕೆ 150, ವಿದೇಶಿ ಭಾಷೆಗೆ 150. ಉಳಿದ 300 ಅಂಕ ಮಿಕ್ಕೆಲ್ಲ ವಿಷಯಗಳಿಗೆ ಹಂಚಿಹೋಗುತ್ತದೆ. ಎಂಜಿನಿಯರಾಗಲು ಹೊರಟವನಿಗೂ ಭೌತಶಾಸ್ತ್ರಕ್ಕಿಂತ ಇಂಗ್ಲಿಷಿನಲ್ಲಿ ಗಳಿಸಬಹುದಾದ, ಹಾಗೆಯೇ ಕಳೆದುಕೊಳ್ಳಬಹುದಾದ ಅಂಕಗಳು ಹೆಚ್ಚು.

ನಿಯಮದ ಪ್ರಕಾರ ಇದು ವಿದೇಶಿ ಭಾಷೆಯ ಪತ್ರಿಕೆ. ಇಂಗ್ಲಿಷಲ್ಲದೆ ರಷ್ಯನ್, ಜಪಾನಿ, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲಿ ಯಾವುದನ್ನಾದರೂ ಆಯ್ದುಕೊಳ್ಳುವ ಅವಕಾಶವಿದೆ. ಹೆಚ್ಚಿನವರು ಇಂಗ್ಲಿಷನ್ನೇ ಬರೆಯುತ್ತಾರೆ, ಏಕೆಂದರೆ 2001ರ ನೀತಿಯ ನಂತರ ದೇಶದ ಶಾಲೆಗಳಲ್ಲಿ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಶುರುವಾಗುತ್ತದೆ.

ಸೊನ್ನೆಯಿಂದ ನೂರೈವತ್ತರವರೆಗೆ

ಈ ತೂಕ ಒಂದೇ ದಿನ ಬಂದದ್ದಲ್ಲ. 1950ರ ದಶಕದ ಚೀನಾದಲ್ಲಿ ಶಾಲೆಗಳ ಮುಖ್ಯ ವಿದೇಶಿ ಭಾಷೆ ರಷ್ಯನ್ ಆಗಿತ್ತು. ಸೋವಿಯತ್ ಒಕ್ಕೂಟದೊಂದಿಗಿನ ಸಂಬಂಧ ಹಳಸಿದ ಮೇಲೆ ಇಂಗ್ಲಿಷ್ ಮುಂದೆ ಬಂತು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ 1966ರಲ್ಲಿ ಪ್ರವೇಶ ಪರೀಕ್ಷೆಯೇ ನಿಂತುಹೋಯಿತು. 1977ರ ಚಳಿಗಾಲದಲ್ಲಿ ಅದು ಮತ್ತೆ ನಡೆದಾಗ ಸುಮಾರು 57 ಲಕ್ಷ ಮಂದಿ ಬರೆದರು, ಪ್ರವೇಶ ಸಿಕ್ಕಿದ್ದು 2 ಲಕ್ಷ 70 ಸಾವಿರದಷ್ಟು ಮಂದಿಗೆ. ಆ ವರ್ಷ ವಿದೇಶಿ ಭಾಷೆಯ ಪರೀಕ್ಷೆ ಇದ್ದದ್ದು ಭಾಷಾ ವಿಭಾಗಗಳಿಗೆ ಸೇರಬಯಸಿದವರಿಗೆ ಮಾತ್ರ. ಮರುವರ್ಷ ಉಳಿದವರೂ ಬರೆದರು, ಆದರೆ ಅಂಕ ಒಟ್ಟಿಗೆ ಸೇರಲಿಲ್ಲ. ಹತ್ತು ವರ್ಷ ಶಾಲೆಗಳೇ ಸರಿಯಾಗಿ ನಡೆಯದಿದ್ದ ದೇಶದಲ್ಲಿ ಇಂಗ್ಲಿಷ್ ಅಂಕವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಹಳ್ಳಿಗಳ ಹುಡುಗರೆಲ್ಲ ಮೊದಲ ಸುತ್ತಿನಲ್ಲೇ ಉದುರಿಹೋಗುತ್ತಿದ್ದರು. ಹಾಗಾಗಿ ಅದನ್ನು ಹಂತಹಂತವಾಗಿ ಏರಿಸುತ್ತ ಬಂದು, 1983ರಲ್ಲಿ ಪೂರ್ತಿ ಅಂಕಗಳನ್ನು ಒಟ್ಟು ಮೊತ್ತಕ್ಕೆ ಸೇರಿಸಲಾಯಿತು. ಹೊರದೇಶಗಳಿಗೆ ಆರ್ಥಿಕತೆಯನ್ನು ತೆರೆದ ಕಾಲವೂ ಅದೇ ಎಂಬುದು ಕಾಕತಾಳೀಯವಲ್ಲ.

ಪರೀಕ್ಷೆಯ ಸ್ವರೂಪವನ್ನು ಬದಲಿಸಿದ್ದು 1985ರ ಗುವಾಂಗ್‌ಡಾಂಗ್ ಪ್ರಾಂತ್ಯದ ಪ್ರಯೋಗ. ಗುವಾಂಗ್‌ಝೌ ನಗರದ ಭಾಷಾ ವಿದ್ವಾಂಸ ಗುಯ್ ಶಿಚುನ್ ಅವರ ಮುಂದಾಳುತನದಲ್ಲಿ, ಅನುವಾದ ಮತ್ತು ವ್ಯಾಕರಣ ವಿವರಣೆಯ ಹಳೆಯ ಪ್ರಶ್ನೆಗಳ ಜಾಗದಲ್ಲಿ ಬಹು ಆಯ್ಕೆಯ ಪ್ರಶ್ನೆಗಳು ಮತ್ತು ಯಂತ್ರದಿಂದ ಅಂಕ ನೀಡುವ ಪದ್ಧತಿ ಬಂದವು. ಯಾರು ತಿದ್ದಿದರೂ ಒಂದೇ ಅಂಕ ಬರುತ್ತದೆ ಎಂಬುದು ಅದರ ದೊಡ್ಡ ಗುಣ. ಕೆಲವೇ ವರ್ಷಗಳಲ್ಲಿ ಇಡೀ ದೇಶ ಅದನ್ನು ಒಪ್ಪಿಕೊಂಡಿತು. ಇವತ್ತು ವಿಮರ್ಶೆಗೆ ಗುರಿಯಾಗಿರುವ ‘ಮೂಕ ಇಂಗ್ಲಿಷ್’ನ ಬೇರು ಕೂಡ ಅಲ್ಲಿಯೇ ಇದೆ: ಸರಿ ಉತ್ತರಕ್ಕೆ ಗುರುತು ಹಾಕಲು ಬಾಯಿ ತೆರೆಯುವ ಅಗತ್ಯವಿಲ್ಲ.

ಪತ್ರಿಕೆಯೊಳಗೆ ಏನಿದೆ

ಈಗ ಹಲವು ಪ್ರಾಂತ್ಯಗಳು ಬಳಸುವ ಹೊಸ ರಾಷ್ಟ್ರೀಯ ಪತ್ರಿಕೆಯನ್ನು ಬಿಡಿಸಿ ನೋಡೋಣ. ಆಲಿಸುವಿಕೆಗೆ 30 ಅಂಕ. ಓದಿಗೆ 50 ಅಂಕ. ಅದರಲ್ಲಿ ನಾಲ್ಕು ಗದ್ಯಭಾಗಗಳ ಮೇಲೆ ತಲಾ ಎರಡೂವರೆ ಅಂಕದ 15 ಪ್ರಶ್ನೆಗಳು, ಜೊತೆಗೆ ಕೊಟ್ಟಿರುವ ಏಳು ವಾಕ್ಯಗಳಲ್ಲಿ ಐದನ್ನು ಆಯ್ದು ಒಂದು ಬರಹದ ಖಾಲಿ ಜಾಗಗಳಿಗೆ ಕೂರಿಸುವ ಕಸರತ್ತು. ಪದ ಮತ್ತು ವ್ಯಾಕರಣದ ಬಿಟ್ಟ ಸ್ಥಳಗಳಿಗೆ 30. ಬರವಣಿಗೆಗೆ 40, ಅದು 15 ಅಂಕದ ಪತ್ರ, 25 ಅಂಕದ ಕಥಾ ಮುಂದುವರಿಕೆ ಎಂದು ಎರಡಾಗಿ ಒಡೆಯುತ್ತದೆ.

ಪತ್ರ ಬರೆಯುವವನ ಹೆಸರು ಯಾವಾಗಲೂ ಲೀ ಹುವಾ. ‘ನೀನು ಲೀ ಹುವಾ ಎಂದು ಭಾವಿಸಿಕೊ’ ಎಂದೇ ಪ್ರಶ್ನೆ ಶುರುವಾಗುತ್ತದೆ. ವಿದ್ಯಾರ್ಥಿ ತನ್ನ ನಿಜವಾದ ಹೆಸರನ್ನು ಬರೆದರೆ ಮೌಲ್ಯಮಾಪಕರಿಗೆ ಗುರುತು ಸಿಕ್ಕೀತು ಎಂಬ ಎಚ್ಚರಿಕೆ ಇದರ ಹಿಂದಿದೆ. 1990ರ ದಶಕದಿಂದ ವಿದೇಶಿ ಗೆಳೆಯರಿಗೆ ಪತ್ರ ಬರೆಯುತ್ತಲೇ ಇರುವ ಈ ಲೀ ಹುವಾ ಚೀನಾದ ಅಂತರ್ಜಾಲದಲ್ಲಿ ಒಂದು ನಗೆಚಾಟಿಕೆಯ ಪಾತ್ರವೇ ಆಗಿಬಿಟ್ಟಿದ್ದಾನೆ. ಅವನು ಬರೆಯುವ ವಿಷಯಗಳನ್ನು ಗಮನಿಸಿದರೆ ಸರ್ಕಾರ ಇಂಗ್ಲಿಷಿನಿಂದ ಏನನ್ನು ಬಯಸುತ್ತದೆ ಎಂಬುದೂ ಗೊತ್ತಾಗುತ್ತದೆ. 2017ರ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಅವನು ಚೀನೀ ಭಾಷೆ ಕಲಿಯುತ್ತಿರುವ ವಿದೇಶಿ ಗೆಳೆಯನಿಗೆ ಮುಂದಿನ ಪಾಠ ಟ್ಯಾಂಗ್ ಕಾಲದ ಕಾವ್ಯದ ಬಗ್ಗೆ ಎಂದು ತಿಳಿಸಬೇಕಿತ್ತು. 2018ರಲ್ಲಿ ಚೀನೀಯರ ಮನೆಗೆ ಊಟಕ್ಕೆ ಹೋಗುವವನಿಗೆ ಅಲ್ಲಿನ ರೀತಿ ನೀತಿ ವಿವರಿಸಬೇಕಿತ್ತು. 2019ರಲ್ಲಿ ಲಂಡನ್ನಿನಲ್ಲಿ ನಡೆಯುವ ಚೀನೀ ಚಿತ್ರಕಲಾ ಪ್ರದರ್ಶನಕ್ಕೆ ಸ್ವಯಂಸೇವಕನಾಗಲು ಅರ್ಜಿ ಹಾಕಬೇಕಿತ್ತು. ಹೊರಗಿನದನ್ನು ಒಳಗೆ ತರುವ ಭಾಷೆ ಎಂದು 1980ರ ದಶಕದಲ್ಲಿ ಕಂಡಿದ್ದ ಇಂಗ್ಲಿಷನ್ನು, ಚೀನಾದ್ದನ್ನು ಹೊರಗೆ ಹೇಳುವ ಭಾಷೆಯಾಗಿ ಈಗ ನೋಡಲಾಗುತ್ತಿದೆ. ಕೈಬಿಡುವ ಉದ್ದೇಶವಿರುವ ಭಾಷೆಗೆ ಯಾರೂ ಇಂಥ ಕೆಲಸ ವಹಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಇನ್ನೂ ಕುತೂಹಲದ್ದು. ಗುವಾಂಗ್‌ಝೌನ ವಿದ್ವಾಂಸ ವಾಂಗ್ ಚುಮಿಂಗ್ ಅವರ ಚಿಂತನೆಯಿಂದ ಬೆಳೆದು, 2016ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಪತ್ರಿಕೆಗೆ ಬಂದ ಕಥಾ ಮುಂದುವರಿಕೆಯ ಪ್ರಶ್ನೆ ಇದು. ಸುಮಾರು 350 ಪದಗಳ ಒಂದು ಅರ್ಧ ಕಥೆಯನ್ನು ಕೊಡುತ್ತಾರೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಮುದ್ರಿಸಿರುತ್ತಾರೆ. ಉಳಿದದ್ದನ್ನು ವಿದ್ಯಾರ್ಥಿ 150 ಪದಗಳಷ್ಟು ಬರೆದು ಕಥೆ ಮುಗಿಸಬೇಕು. ಕಥೆಯನ್ನು ಅರ್ಥ ಮಾಡಿಕೊಳ್ಳದವನು ಮುಂದುವರಿಸಲಾರ. ಕಥೆಯ ಭಾಷೆಯ ಮಟ್ಟಕ್ಕೆ ತನ್ನ ಭಾಷೆಯನ್ನು ಏರಿಸಿಕೊಳ್ಳದಿದ್ದರೆ ತೇಪೆ ಹಾಕಿದಂತೆ ಕಾಣುತ್ತದೆ. ಬಾಯಿಪಾಠಕ್ಕೆ ಸಿಗದ ಪ್ರಶ್ನೆ ಇದೆಂದು ಎಲ್ಲರೂ ನಂಬಿದ್ದರು. ಕೋಚಿಂಗ್ ಲೋಕ ಇದಕ್ಕೂ ಮದ್ದು ಕಂಡುಹಿಡಿಯಿತು. ಭಯವಾದಾಗ ಬಳಸುವ ವಾಕ್ಯಗಳು, ಕಣ್ಣೀರು ಉಕ್ಕಿದಾಗ ಬಳಸುವ ವಾಕ್ಯಗಳು, ಕೊನೆಯಲ್ಲಿ ಸೂರ್ಯಾಸ್ತ ತರುವುದಾದರೆ ಬಳಸುವ ವಾಕ್ಯಗಳು ಎಂದು ಪಟ್ಟಿಗಳು ತಯಾರಾದವು. ಮಕ್ಕಳು ಅವನ್ನು ಉರುಹೊಡೆದರು.

ಒಂದು ಅಂಕದ ಬೆಲೆ

ಪರೀಕ್ಷೆಯ ಪ್ರತಿ ಸುಧಾರಣೆಯೂ ಹೀಗೆ ಪಟ್ಟಿಯಾಗಿ ಮಾರ್ಪಡುವುದು ಏಕೆ? ಉತ್ತರ ಅಂಕಗಳ ದಟ್ಟಣೆಯಲ್ಲಿದೆ. ಫಲಿತಾಂಶದ ಹೊತ್ತಿಗೆ ಪ್ರತಿ ಪ್ರಾಂತ್ಯವೂ ಒಂದು ಪಟ್ಟಿ ಪ್ರಕಟಿಸುತ್ತದೆ. ಯಾವ ಅಂಕಕ್ಕೆ ಎಷ್ಟು ಮಂದಿ ಇದ್ದಾರೆ, ಅಲ್ಲಿಯವರೆಗಿನ ಒಟ್ಟು ಎಷ್ಟು ಎಂದು ಒಂದೊಂದು ಅಂಕಕ್ಕೂ ಒಂದೊಂದು ಸಾಲು. 2024ರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿದ್ದ ಹೆನಾನ್‌ನಂಥ ಪ್ರಾಂತ್ಯದಲ್ಲಿ, ನಡುವಿನ ಅಂಕಗಳ ಒಂದೇ ಸಾಲಿನಲ್ಲಿ ಸಾವಿರಾರು ಮಂದಿ ನಿಂತಿರುತ್ತಾರೆ. ‘ಒಂದು ಅಂಕ ಹೆಚ್ಚಿಸಿಕೊ, ಸಾವಿರ ಮಂದಿಯನ್ನು ಹಿಂದಿಕ್ಕು’ ಎಂದು ಶಾಲೆಯ ಗೋಡೆಗಳ ಮೇಲೆ ಬರೆಯುವ ಘೋಷಣೆ ಉತ್ಪ್ರೇಕ್ಷೆಯೇನಲ್ಲ. ವಿಶ್ವವಿದ್ಯಾಲಯಗಳು ಪ್ರಾಂತ್ಯವಾರು ಸೀಟು ಹಂಚುವುದರಿಂದ ಆ ಸಾಲಿನಲ್ಲಿ ನೀವೆಲ್ಲಿದ್ದೀರಿ ಎಂಬುದೇ ಮುಂದಿನ ಬದುಕನ್ನು ಬಹುಪಾಲು ತೀರ್ಮಾನಿಸುತ್ತದೆ.

ಇಂಥ ಕಡೆ ಜರಡಿಯ ಕಣ್ಣು ಎಲ್ಲ ಕಡೆಯೂ ಒಂದೇ ಅಳತೆಯಲ್ಲಿರಬೇಕು ಎಂಬುದೇ ಜನರ ಮೊದಲ ಬೇಡಿಕೆಯಾಗುತ್ತದೆ. ಜರಡಿಯಲ್ಲಿ ಉಳಿದದ್ದು ಏನು ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಒಬ್ಬ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ದಾರಿ ಕೇಳಬಲ್ಲನೇ, ಒಂದು ವಾದವನ್ನು ಮಂಡಿಸಬಲ್ಲನೇ ಎಂದು ನೋಡುವ ಪರೀಕ್ಷೆ ವಾಸ್ತವಕ್ಕೆ ಹತ್ತಿರವಿರುತ್ತದೆ, ಆದರೆ ಇಬ್ಬರು ಮೌಲ್ಯಮಾಪಕರು ಎರಡು ರೀತಿಯ ಅಂಕ ಕೊಡಬಹುದು. ಬಹು ಆಯ್ಕೆಯ ಪ್ರಶ್ನೆಯಲ್ಲಿ ಆ ಅಪಾಯವಿಲ್ಲ, ಆದರೆ ಅದು ಭಾಷೆಯ ಒಂದು ತುಣುಕನ್ನಷ್ಟೇ ಮುಟ್ಟುತ್ತದೆ. ಚೀನಾದ ಪರೀಕ್ಷಾ ವ್ಯವಸ್ಥೆ ನಲವತ್ತು ವರ್ಷಗಳಿಂದ ಈ ಎರಡರ ನಡುವೆ ಹೆಜ್ಜೆ ಹಾಕುತ್ತಿದೆ. ಬರವಣಿಗೆಯ ಉತ್ತರಗಳನ್ನು ಸ್ಕ್ಯಾನ್ ಮಾಡಿ, ಒಬ್ಬರಿಗೊಬ್ಬರಿಗೆ ಗೊತ್ತಾಗದಂತೆ ಇಬ್ಬರು ಮೌಲ್ಯಮಾಪಕರ ಪರದೆಗೆ ಕಳುಹಿಸಲಾಗುತ್ತದೆ. ಅಂಕಗಳ ಅಂತರ ನಿಗದಿತ ಮಿತಿಯನ್ನು ದಾಟಿದರೆ ಮೂರನೆಯವರು ನೋಡುತ್ತಾರೆ.

ಈ ಏರ್ಪಾಡಿನ ಒಂದು ವಿಚಿತ್ರ ಪರಿಣಾಮ ಅಕ್ಷರಗಳ ಆಕಾರದಲ್ಲೇ ಕಾಣುತ್ತದೆ. ಹೆಬೈ ಪ್ರಾಂತ್ಯದ ಹೆಂಗ್‌ಶುಯಿ ನಗರದ ಪ್ರೌಢಶಾಲೆ ತನ್ನ ಕಟ್ಟುನಿಟ್ಟಿನ ತಾಲೀಮಿಗೆ ಹೆಸರಾದದ್ದು. ಅಲ್ಲಿನ ಮಕ್ಕಳ ಇಂಗ್ಲಿಷ್ ಕೈಬರಹ ಅಚ್ಚಿನಿಂದ ಇಳಿಸಿದಂತಿರುತ್ತದೆ: ದುಂಡಗೆ, ಒತ್ತಾಗಿ, ಎಲ್ಲ ಅಕ್ಷರಗಳೂ ಒಂದೇ ಎತ್ತರ, ಓರೆಯ ಮಾತೇ ಇಲ್ಲ. ಆ ಊರಿನ ಹೆಸರಿನಲ್ಲೇ ಆ ಬರಹದ ಶೈಲಿ ದೇಶದಾದ್ಯಂತ ಹರಡಿತು. ಅದನ್ನು ಅಭ್ಯಾಸ ಮಾಡಲು ಕಾಪಿ ಪುಸ್ತಕಗಳು ಮಾರಾಟವಾಗುತ್ತವೆ. ದಿನಕ್ಕೆ ನೂರಾರು ಉತ್ತರಗಳನ್ನು ಪರದೆಯ ಮೇಲೆ ನೋಡುವ ಮೌಲ್ಯಮಾಪಕರ ಕಣ್ಣಿಗೆ ಹಿತವಾದರೆ ಒಂದೆರಡು ಅಂಕ ಹೆಚ್ಚು ಸಿಕ್ಕೀತು ಎಂಬುದೇ ಅದರ ಹಿಂದಿನ ಲೆಕ್ಕ. ಭಾಷಾ ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಒಂದು ಅಂಕಕ್ಕೆ ಸಾವಿರ ಮಂದಿ ಇರುವಾಗ ತಾಯ್ತಂದೆಯರು ಇದನ್ನು ಹುಚ್ಚುತನವೆಂದು ತಳ್ಳಿಹಾಕುವಂತಿಲ್ಲ.

ಝೆಜಿಯಾಂಗ್ ಕಲಿಸಿದ ಪಾಠ

2014ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ದೊಡ್ಡ ಸುಧಾರಣೆ ಘೋಷಿಸಿತು. ಒಂದೇ ದಿನದ ಪರೀಕ್ಷೆಯ ಮೇಲೆ ಎಲ್ಲವೂ ನಿಂತಿರಬಾರದು, ವಿದೇಶಿ ಭಾಷೆಯನ್ನು ಎರಡು ಸಲ ಬರೆದು ಹೆಚ್ಚಿನ ಅಂಕವನ್ನು ಇಟ್ಟುಕೊಳ್ಳಬಹುದು ಎಂಬುದು ಅದರ ಒಂದು ಅಂಶ. ಶಾಂಘೈ ಮತ್ತು ಝೆಜಿಯಾಂಗ್ ಮೊದಲ ಪ್ರಯೋಗ ಭೂಮಿಗಳಾದವು. ಕೇಳಲು ಸೊಗಸಾಗಿರುವ ಈ ಯೋಜನೆಯೊಳಗೆ ಒಂದು ಕಗ್ಗಂಟಿತ್ತು. ಎರಡು ಬೇರೆ ಬೇರೆ ಪತ್ರಿಕೆಗಳ ಕಾಠಿಣ್ಯ ಒಂದೇ ಆಗಿರಬೇಕು. ಇಲ್ಲವಾದರೆ ಸುಲಭ ಪತ್ರಿಕೆಯಲ್ಲಿ ಬಂದ 140ಕ್ಕೂ ಕಷ್ಟದ ಪತ್ರಿಕೆಯಲ್ಲಿ ಬಂದ 140ಕ್ಕೂ ಒಂದೇ ಬೆಲೆ ಕೊಟ್ಟಂತಾಗುತ್ತದೆ. ವಿದೇಶಗಳ ದೊಡ್ಡ ಭಾಷಾ ಪರೀಕ್ಷೆಗಳು ಪ್ರಶ್ನೆಗಳನ್ನು ಮೊದಲೇ ಸಾವಿರಾರು ಮಂದಿಯ ಮೇಲೆ ಪ್ರಯೋಗಿಸಿ, ಅಂಕಿಅಂಶಗಳ ಮೂಲಕ ಎರಡು ಪತ್ರಿಕೆಗಳನ್ನು ಸರಿದೂಗಿಸುತ್ತವೆ. ಗಾವೊಕಾವೊ ಪತ್ರಿಕೆಗಳನ್ನು ಹಾಗೆ ಬಹಿರಂಗವಾಗಿ ಮುಂಚೆಯೇ ಪ್ರಯೋಗಿಸುವಂತಿಲ್ಲ, ಏಕೆಂದರೆ ಅವು ರಾಜ್ಯ ರಹಸ್ಯ. ಪ್ರಶ್ನೆ ತೆಗೆಯುವವರನ್ನು ಹೊರಜಗತ್ತಿನ ಸಂಪರ್ಕವಿಲ್ಲದೆ ಇರಿಸಲಾಗುತ್ತದೆ. 2015ರಿಂದ ಪರೀಕ್ಷಾ ಅಕ್ರಮವನ್ನು ಸಂಘಟಿಸುವುದು ಏಳು ವರ್ಷಗಳವರೆಗೆ ಜೈಲಾಗಬಹುದಾದ ಅಪರಾಧ.

2018ರ ನವೆಂಬರ್‌ನಲ್ಲಿ ಝೆಜಿಯಾಂಗ್‌ನ ಇಂಗ್ಲಿಷ್ ಪತ್ರಿಕೆ ಕಷ್ಟವಾಯಿತು. ಹಿಂದಿನ ವರ್ಷದ ಜೊತೆ ಸರಿದೂಗಿಸಬೇಕೆಂದು ಅಧಿಕಾರಿಗಳು ಓದು ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳಿಗೆ ಹೆಚ್ಚುವರಿ ತೂಕ ಕೊಟ್ಟು ಅಂಕಗಳನ್ನು ಮರುಲೆಕ್ಕ ಹಾಕಿದರು. ಮೊದಲೇ ಹೇಳದೆ ಮಾಡಿದ ಈ ಹೊಂದಾಣಿಕೆಯಿಂದ, ಉತ್ತರಗಳಿಗೂ ಬಂದ ಅಂಕಕ್ಕೂ ತಾಳೆಯಾಗುತ್ತಿಲ್ಲ ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ತೋರಿಸಿದರು. ಪ್ರತಿಭಟನೆ ಜೋರಾಯಿತು. ಪ್ರಾಂತ್ಯದ ಗವರ್ನರ್ ನೇತೃತ್ವದ ತನಿಖೆಯ ನಂತರ ಡಿಸೆಂಬರ್ 5ರಂದು ಹೆಚ್ಚುವರಿ ತೂಕವನ್ನು ರದ್ದು ಮಾಡಿ ಮೂಲ ಅಂಕಗಳನ್ನೇ ಮರಳಿಸಲಾಯಿತು. ಶಿಕ್ಷಣ ಇಲಾಖೆಯ ಉನ್ನತ ಅಧಿಕಾರಿಗಳ ತಲೆದಂಡವಾಯಿತು.

ತಾಂತ್ರಿಕವಾಗಿ ನೋಡಿದರೆ ಅಧಿಕಾರಿಗಳ ಉದ್ದೇಶ ತಪ್ಪೆನ್ನಲಾಗದು. ಎರಡು ಪತ್ರಿಕೆಗಳನ್ನು ಸರಿದೂಗಿಸದೆ ಎರಡು ಅವಕಾಶಗಳ ಪರೀಕ್ಷೆ ನ್ಯಾಯಯುತವಾಗುವುದಿಲ್ಲ. ಆದರೆ ಜನ ಒಪ್ಪುವ ನ್ಯಾಯ ಕಣ್ಣಿಗೆ ಕಾಣುವಂಥದ್ದು: ಬರೆದ ಉತ್ತರಕ್ಕೆ ಮೊದಲೇ ಗೊತ್ತಿದ್ದ ಅಂಕ. ಬೇರೆ ಪ್ರಾಂತ್ಯಗಳ ಅಧಿಕಾರಿಗಳು ಈ ಪ್ರಕರಣದಿಂದ ಕಲಿತದ್ದು ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಎರಡು ಅವಕಾಶಗಳ ಪದ್ಧತಿ ಇಡೀ ಪತ್ರಿಕೆಗೆ ದೇಶದಾದ್ಯಂತ ಹರಡದೆ, ಹಲವೆಡೆ ಆಲಿಸುವ ಭಾಗಕ್ಕೆ ಮಾತ್ರ ಸೀಮಿತವಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಕಂಪ್ಯೂಟರಿನ ಮುಂದೆ ಮಾತು

ಮಾತಿನ ಪರೀಕ್ಷೆಯ ಕಥೆಯೂ ಇದರ ಜೊತೆಗೇ ಸಾಗುತ್ತದೆ. ಬಹುತೇಕ ಪ್ರಾಂತ್ಯಗಳಲ್ಲಿ ಮಾತಿನ ಪರೀಕ್ಷೆಯ ಅಂಕ ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ಭಾಷಾ ವಿಭಾಗಗಳಿಗೆ ಸೇರುವವರಿಗಷ್ಟೇ ಅದರ ಗೊಡವೆ. 2023ರ ಹೊಸ ರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಲೀ ಹುವಾನಿಗೆ ಒಂದು ಸಮಸ್ಯೆ ಎದುರಾಗಿತ್ತು: ಮಾತಿನ ಅಭ್ಯಾಸಕ್ಕೆಂದು ವಿದೇಶಿ ಶಿಕ್ಷಕರು ಮಕ್ಕಳನ್ನು ಮನಬಂದಂತೆ ಇಬ್ಬಿಬ್ಬರ ಜೋಡಿ ಮಾಡಿದ್ದಾರೆ, ಇದು ಸರಿಯಾಗುತ್ತಿಲ್ಲ ಎಂದು ಅವರಿಗೆ ಪತ್ರ ಬರೆಯಬೇಕು. ಲಕ್ಷಾಂತರ ಮಂದಿ ಮಾತಿನ ಅಭ್ಯಾಸದ ಬಗ್ಗೆ ಒಂದೂ ಮಾತಾಡದೆ ಬರೆದು 15 ಅಂಕಕ್ಕೆ ಪೈಪೋಟಿ ನಡೆಸಿದರು.

ಗುವಾಂಗ್‌ಡಾಂಗ್ ಮಾತ್ರ 2011ರಿಂದಲೇ ಕಂಪ್ಯೂಟರಿನ ಮೂಲಕ ಎಲ್ಲರಿಗೂ ಮಾತಿನ ಪರೀಕ್ಷೆ ನಡೆಸುತ್ತಿದೆ. ಕಿವಿಗೆ ಹೆಡ್‌ಫೋನ್ ಹಾಕಿ ಕೂತ ವಿದ್ಯಾರ್ಥಿಗೆ ಮೊದಲು ಒಂದು ಸಣ್ಣ ವಿಡಿಯೊ ಕಾಣುತ್ತದೆ. ಅದರ ನಿರೂಪಣೆಯನ್ನು ಕೇಳಿ, ಆಮೇಲೆ ಅದೇ ಲಯದಲ್ಲಿ, ಚಿತ್ರದ ವೇಗಕ್ಕೆ ಸರಿಯಾಗಿ ತಾನು ಓದಬೇಕು. ಎರಡನೆಯದು ಪಾತ್ರಾಭಿನಯ: ಚೀನೀ ಭಾಷೆಯಲ್ಲಿ ಕೊಟ್ಟ ಮೂರು ಸುಳಿವುಗಳನ್ನು ಇಂಗ್ಲಿಷ್ ಪ್ರಶ್ನೆಗಳಾಗಿ ಕೇಳಿದರೆ ಕಂಪ್ಯೂಟರ್ ಉತ್ತರಿಸುತ್ತದೆ, ನಂತರ ಕಂಪ್ಯೂಟರ್ ಕೇಳುವ ಐದು ಪ್ರಶ್ನೆಗಳಿಗೆ ವಿದ್ಯಾರ್ಥಿ ಉತ್ತರಿಸುತ್ತಾನೆ. ಕೊನೆಯದು, ಕೇಳಿದ ಕಥೆಯೊಂದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳುವುದು. ಎದುರಿಗೆ ಮನುಷ್ಯರಿಲ್ಲ, ನಡುವೆ ತಡವರಿಸಿದರೆ ‘ಏನಂದಿರಿ’ ಎಂದು ಕೇಳುವವರಿಲ್ಲ. ಇದನ್ನು ಸಂಭಾಷಣೆ ಎನ್ನಲು ಮನಸ್ಸು ಬಾರದು. ಹಾಗಿದ್ದರೂ ಲಕ್ಷಗಟ್ಟಲೆ ಮಂದಿಗೆ ಒಂದೇ ಧ್ವನಿ, ಒಂದೇ ವೇಗ, ಒಂದೇ ಪ್ರಶ್ನೆ ಸಿಗಬೇಕಾದರೆ ಬೇರೆ ದಾರಿ ಯಾವುದಿದೆ? ಸಂದರ್ಶಕರನ್ನು ಕೂರಿಸಿದರೆ ಯಾವ ಶಿಕ್ಷಕರು ಉದಾರಿ, ಯಾವ ಊರಿನ ಕೇಂದ್ರದಲ್ಲಿ ಪರಿಚಯ ನಡೆಯುತ್ತದೆ ಎಂಬ ಅನುಮಾನಗಳು ಮರುದಿನವೇ ಏಳುತ್ತವೆ.

ಶಾಂಘೈನಲ್ಲಿ 2017ರಿಂದ 150ರಲ್ಲಿ 10 ಅಂಕ ಇಂಥ ಪರೀಕ್ಷೆಗೆ ಹೋಗುತ್ತದೆ. ಬೀಜಿಂಗ್ ಇನ್ನೂ ಮುಂದೆ ಹೋಗಿ ಆಲಿಸುವಿಕೆ ಮತ್ತು ಮಾತು ಸೇರಿ 50 ಅಂಕವನ್ನು ಕಂಪ್ಯೂಟರಿಗೆ ವಹಿಸಿತು. ವರ್ಷಕ್ಕೆ ಎರಡು ಅವಕಾಶ, ಹೆಚ್ಚು ಬಂದದ್ದು ಲೆಕ್ಕಕ್ಕೆ. ಇವೆಲ್ಲ ಸಿರಿವಂತ ಪ್ರದೇಶಗಳು ಎಂಬುದನ್ನು ಗಮನಿಸಬೇಕು. ಲಕ್ಷಾಂತರ ಮಕ್ಕಳಿಗೆ ಒಂದೇ ಗುಣಮಟ್ಟದ ಮೈಕು, ಶಬ್ದ ತಡೆಯುವ ಕೊಠಡಿ, ಕೈಕೊಡದ ಸರ್ವರ್, ಅದಕ್ಕಿಂತ ಮುಖ್ಯವಾಗಿ ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡುವ ಶಿಕ್ಷಕರು ಬೇಕು. ಗುಯಿಝೌ ಅಥವಾ ಗಾನ್ಸು ಪ್ರಾಂತ್ಯದ ಬೆಟ್ಟದ ಜಿಲ್ಲೆಗಳಲ್ಲಿ ಇದನ್ನು ನಾಳೆಯೇ ಕಡ್ಡಾಯ ಮಾಡಿದರೆ ಭಾಷಾ ಕಲಿಕೆ ಸುಧಾರಿಸುವ ಮೊದಲು ಅಲ್ಲಿನ ಮಕ್ಕಳು ತಮ್ಮ ಪ್ರಾಂತ್ಯದ ನಗರದ ಮಕ್ಕಳಿಗಿಂತ ಇನ್ನಷ್ಟು ಹಿಂದೆ ಬೀಳುತ್ತಾರೆ. ಮಾತಿನ ಪರೀಕ್ಷೆ ಒಳ್ಳೆಯದೆಂದು ಎಲ್ಲರೂ ಒಪ್ಪಿದರೂ ಅದು ಆಮೆಯ ನಡೆಯಲ್ಲಿ ಸಾಗುತ್ತಿರುವುದಕ್ಕೆ ಇದೇ ಕಾರಣ.

ಇಳಿಸಬೇಕೆನ್ನುವವರು, ಉಳಿಸಬೇಕೆನ್ನುವವರು

2013ರ ಅಕ್ಟೋಬರ್‌ನಲ್ಲಿ ಬೀಜಿಂಗ್ ಒಂದು ಕರಡು ಹೊರಡಿಸಿ, 2016ರಿಂದ ಇಂಗ್ಲಿಷ್ ಅಂಕವನ್ನು 150ರಿಂದ 100ಕ್ಕೆ ಇಳಿಸಿ ಚೀನೀ ಭಾಷೆಯನ್ನು 180ಕ್ಕೆ ಏರಿಸುವ ಯೋಚನೆ ಮುಂದಿಟ್ಟಿತ್ತು. ಅದು ಜಾರಿಗೆ ಬರಲಿಲ್ಲ. ನಂತರ ಪ್ರತಿ ಮಾರ್ಚ್‌ನಲ್ಲಿ ನಡೆಯುವ ರಾಷ್ಟ್ರೀಯ ಅಧಿವೇಶನಗಳ ಹೊತ್ತಿಗೆ ಇಂಥ ಸಲಹೆ ಬರುವುದು ವಾಡಿಕೆಯಂತಾಗಿದೆ. 2021ರಲ್ಲಿ ರಾಜಕೀಯ ಸಲಹಾ ಸಮ್ಮೇಳನದ ಸದಸ್ಯ ಶೂ ಜಿನ್, ಇಂಗ್ಲಿಷಿಗೆ ಚೀನೀ ಭಾಷೆ ಮತ್ತು ಗಣಿತದ ಸಾಲಿನ ಸ್ಥಾನ ಬೇಡ, ಗಾವೊಕಾವೊದಲ್ಲಿ ಅದು ಕಡ್ಡಾಯವಾಗಬಾರದು ಎಂದಾಗ ದೇಶವೆಲ್ಲ ಚರ್ಚೆಗಿಳಿಯಿತು. ತರಗತಿಯ ಸಮಯದ ಸುಮಾರು ಹತ್ತನೇ ಒಂದು ಪಾಲನ್ನು ಇಂಗ್ಲಿಷ್ ನುಂಗುತ್ತದೆ, ಮುಂದೆ ಅದನ್ನು ನಿಜವಾಗಿ ಬಳಸುವ ಪದವೀಧರರು ತೀರಾ ಕಡಿಮೆ, ಅನುವಾದ ಯಂತ್ರಗಳು ಬಂದಿವೆ ಎಂಬುದು ಅವರ ವಾದದ ತಿರುಳು.

ಈ ವಾದದಲ್ಲಿ ಹುರುಳಿಲ್ಲದಿಲ್ಲ. ಬೇರೆ ದೇಶದವರೊಂದಿಗೆ ಎಂದೂ ಮಾತಾಡದ ನರ್ಸ್, ವಿದ್ಯುತ್ ಮೇಸ್ತ್ರಿ, ಗುಮಾಸ್ತ ಎಲ್ಲರೂ ಆಡಲು ಬಾರದ ಭಾಷೆಗೆ ಹತ್ತು ವರ್ಷ ತೆತ್ತಿರುತ್ತಾರೆ. ಎದುರಾಳಿಗಳು ಕೊಡುವ ಉತ್ತರ ಬೇರೆ ದಿಕ್ಕಿನದು. ಗಾವೊಕಾವೊದಿಂದ ಇಂಗ್ಲಿಷ್ ಹೋದರೆ ಸಿರಿವಂತರ ಮಕ್ಕಳು ಅದನ್ನು ಕಲಿಯುವುದನ್ನು ಬಿಡುವುದಿಲ್ಲ, ಖಾಸಗಿಯಾಗಿ ಕಲಿಯುತ್ತಾರೆ; ಸರ್ಕಾರಿ ಶಾಲೆಯಲ್ಲಿ ಅಂಕವಿಲ್ಲದ ವಿಷಯವನ್ನು ಯಾವ ಹೆಡ್‌ಮಾಸ್ತರರೂ ಗಂಭೀರವಾಗಿ ಕಲಿಸುವುದಿಲ್ಲವಾದ್ದರಿಂದ, ಹಳ್ಳಿಯ ಮಗುವಿಗೆ ಇದ್ದ ಒಂದೇ ದಾರಿಯೂ ಮುಚ್ಚುತ್ತದೆ. ಈ ವಾದ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಕಡ್ಡಾಯ ಪರೀಕ್ಷೆಯ ಒತ್ತಡ ಎಷ್ಟೇ ಕೆಟ್ಟದಾಗಿದ್ದರೂ, ಅದೇ ಒತ್ತಡ ದೂರದ ಜಿಲ್ಲೆಗೂ ಒಬ್ಬ ಇಂಗ್ಲಿಷ್ ಶಿಕ್ಷಕನನ್ನು ಕಳುಹಿಸಿದೆ.

ಸರ್ಕಾರ ಎರಡರ ನಡುವಿನ ದಾರಿ ಹಿಡಿದಿದೆ. 2022ರ ಕಡ್ಡಾಯ ಶಿಕ್ಷಣದ ಪಠ್ಯಯೋಜನೆಯಲ್ಲಿ ವಿದೇಶಿ ಭಾಷೆಗೆ ಒಟ್ಟು ಬೋಧನಾವಧಿಯ ಶೇ 6ರಿಂದ 8ರಷ್ಟು ಕೊಡಲಾಗಿದೆ. ಚೀನೀ ಭಾಷೆಗೆ ಶೇ 20ರಿಂದ 22, ಗಣಿತಕ್ಕೆ ಶೇ 13ರಿಂದ 15. ಆದರೆ ಗಾವೊಕಾವೊದಲ್ಲಿ ಮೂರಕ್ಕೂ ಸಮಾನ ಅಂಕ ಮುಂದುವರಿದಿದೆ. ಶಾಲೆಯ ಗಂಟೆಗಳಿಗೂ ಪರೀಕ್ಷೆಯ ಅಂಕಗಳಿಗೂ ನಡುವೆ ಉಳಿಯುವ ಈ ಕಂದಕವನ್ನು ಯಾರಾದರೂ ತುಂಬಲೇಬೇಕು.

ಕಂದಕ ತುಂಬಿದವರು

ದಶಕಗಳ ಕಾಲ ಅದನ್ನು ತುಂಬಿದ್ದು ಟ್ಯೂಷನ್ ಉದ್ಯಮ. 1993ರಲ್ಲಿ ಯೂ ಮಿನ್‌ಹಾಂಗ್ ಕಟ್ಟಿದ ನ್ಯೂ ಓರಿಯಂಟಲ್ ಇಂಗ್ಲಿಷ್ ಪರೀಕ್ಷೆಗಳ ಬೆನ್ನೇರಿಯೇ ಅಮೆರಿಕದ ಷೇರುಪೇಟೆಯವರೆಗೆ ಹೋಯಿತು. 2021ರ ಜುಲೈನಲ್ಲಿ ಸರ್ಕಾರ, ಒಂದರಿಂದ ಒಂಬತ್ತನೇ ತರಗತಿಯವರೆಗೆ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿದಾಗ ಆ ಸಂಸ್ಥೆ 60,000 ಮಂದಿಯನ್ನು ಕೆಲಸದಿಂದ ತೆಗೆಯಬೇಕಾಯಿತು. ಅದರ ಇಂಗ್ಲಿಷ್ ಶಿಕ್ಷಕರಲ್ಲಿ ಒಬ್ಬರಾದ ಡಾಂಗ್ ಯುಹುಯಿ, 2022ರ ಜೂನ್‌ನಲ್ಲಿ ಮೊಬೈಲಿನ ನೇರಪ್ರಸಾರದಲ್ಲಿ ಅಕ್ಕಿ, ಜೋಳ ಮಾರುತ್ತ ನಡುನಡುವೆ ಬಿಳಿಹಲಗೆಯ ಮೇಲೆ ಇಂಗ್ಲಿಷ್ ಪದಗಳನ್ನು ಬರೆದು ವಿವರಿಸುತ್ತಿದ್ದುದು ದೇಶದ ದೊಡ್ಡ ಸುದ್ದಿಯಾಯಿತು.

ನಿಷೇಧದಿಂದ ಬೇಡಿಕೆ ಸಾಯಲಿಲ್ಲ, ಏಕೆಂದರೆ ಬೇಡಿಕೆಯ ಮೂಲವಾದ 150 ಅಂಕ ಹಾಗೆಯೇ ಇದೆ. ಟ್ಯೂಷನ್ ಮನೆಯೊಳಗೆ ಸರಿಯಿತು, ದುಬಾರಿಯಾಯಿತು. ಹಣವಿದ್ದವರಿಗೆ ಒಬ್ಬರಿಗೊಬ್ಬ ಮಾಸ್ತರು ಸಿಗುತ್ತಾರೆ; ಇಲ್ಲದವರಿಗೆ ಮೊದಲಿದ್ದ ಸಾಮೂಹಿಕ ತರಗತಿಯೂ ಇಲ್ಲ.

ಇಂಗ್ಲಿಷಿನಲ್ಲಿ ಹಿಂದೆ ಬಿದ್ದವರು ಕಂಡುಕೊಂಡ ಇನ್ನೊಂದು ದಾರಿ ಜಪಾನಿ ಭಾಷೆ. ಚೀನೀ ಲಿಪಿಯ ಪರಿಚಯವಿರುವವರಿಗೆ ಜಪಾನಿ ಬರಹದ ಒಂದು ಭಾಗ ಮೊದಲೇ ಗೊತ್ತಿರುತ್ತದೆ. ಪತ್ರಿಕೆಯೂ ಶೂನ್ಯದಿಂದ ಕಲಿತವರಿಗೆ ಎಟಕುವಂತಿತ್ತು. ಹದಿನೈದು ಹದಿನಾರರ ವಯಸ್ಸಿನಲ್ಲಿ ಇಂಗ್ಲಿಷ್ ಬಿಟ್ಟು ಎರಡು ವರ್ಷ ಜಪಾನಿ ಕಲಿತು, 50–60 ಅಂಕದಿಂದ ನೂರರ ಆಸುಪಾಸಿಗೆ ಏರುವ ಲೆಕ್ಕಾಚಾರವನ್ನು ಶಾಲೆಗಳೇ ಮುಂದಿಟ್ಟವು. ಕಾಲೇಜಿಗೆ ಹೋದ ಮೇಲೆ ಇಂಗ್ಲಿಷ್ ಪಠ್ಯಗಳ ಎದುರು ಇವರು ಏನು ಮಾಡುತ್ತಾರೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಮುಂದಿನ ಸುದ್ದಿಯನ್ನು ಓದುವ ಬಗೆ

ಹಾಗಾದರೆ ಮೊದಲ ಸುದ್ದಿಗಳಿಗೆ ಮರಳೋಣ. ಶಾಂಘೈ ತೆಗೆದದ್ದು ಹತ್ತು ಹನ್ನೊಂದು ವರ್ಷದ ಮಕ್ಕಳ ಶಾಲಾ ಪರೀಕ್ಷೆಯನ್ನು. ಪಾಠ ನಿಲ್ಲಲಿಲ್ಲ, ಗಾವೊಕಾವೊ ಬದಲಾಗಲಿಲ್ಲ. ಶಿಯಾನ್‌ನ ವಿಶ್ವವಿದ್ಯಾಲಯ ಸಡಿಲಿಸಿದ್ದು ಪದವಿಯ ಷರತ್ತನ್ನು; ಅಲ್ಲಿಗೆ ಸೇರಲು ವಿದ್ಯಾರ್ಥಿ ಆಗಲೇ 150 ಅಂಕಗಳ ಪತ್ರಿಕೆಯನ್ನು ದಾಟಿ ಬಂದಿರುತ್ತಾನೆ. ಸಾಲು ನಿಲ್ಲಿಸುವ ಕೆಲಸವಿಲ್ಲದ ಕಡೆಗಳಲ್ಲಿ ಇಂಗ್ಲಿಷ್ ಪರೀಕ್ಷೆ ಸುಲಭವಾಗಿ ಕಳಚಿಕೊಳ್ಳುತ್ತಿದೆ, ಆ ಕೆಲಸವಿರುವ ಕಡೆ ಗಟ್ಟಿಯಾಗಿ ಕೂತಿದೆ. 2018ರಲ್ಲಿ ಶಿಕ್ಷಣ ಸಚಿವಾಲಯ ಪ್ರಕಟಿಸಿದ ಒಂಬತ್ತು ಹಂತಗಳ ಇಂಗ್ಲಿಷ್ ಸಾಮರ್ಥ್ಯದ ಮಾನದಂಡ ನಿಜವಾದ ಅಳತೆಗೋಲಾಗುವ ಸಾಧ್ಯತೆಯುಳ್ಳದ್ದು. ಪ್ರವೇಶದ ಅಂಕಕ್ಕೂ ಅದಕ್ಕೂ ನೇರ ಗಂಟು ಬೀಳದಿರುವವರೆಗೆ ಪೋಷಕರಿಗೆ ಅದರ ಹೆಸರೂ ಗೊತ್ತಾಗುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಇಂಗ್ಲಿಷ್ ಪತ್ರಿಕೆ ಬೇಗನೆ ಅಪ್ರಸ್ತುತವಾಗುತ್ತದೆ ಎಂಬ ಊಹೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2025ರ ಜೂನ್‌ನಲ್ಲಿ ಗಾವೊಕಾವೊ ನಡೆದ ದಿನಗಳಲ್ಲಿ ಅಲಿಬಾಬಾ, ಟೆನ್‌ಸೆಂಟ್ ಮುಂತಾದ ಕಂಪನಿಗಳು ತಮ್ಮ ಎಐ ಸೇವೆಗಳಲ್ಲಿ ಚಿತ್ರ ಗುರುತಿಸುವ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದವು. ಯಂತ್ರ ಉತ್ತರಿಸಬಲ್ಲದೇ ಎಂಬುದು ಅಲ್ಲಿ ಯಾರ ತಲೆನೋವೂ ಆಗಿರಲಿಲ್ಲ. ಸಾಲು ಕದಡದಿದ್ದರೆ ಸಾಕಿತ್ತು.

ಇನ್ನು ಇಂಗ್ಲಿಷಿಗೆ ಅಂಕ ಕಡಿತದ ಸುದ್ದಿ ಬಂದಾಗ ಎರಡು ಸಂಗತಿ ನೋಡಿದರೆ ಸಾಕು. ಅದನ್ನು ಹೇಳಿದವರು ಒಬ್ಬ ಪ್ರತಿನಿಧಿಯೋ, ಸಚಿವಾಲಯವೋ, ಪ್ರಾಂತ್ಯದ ಸರ್ಕಾರವೋ ಎಂಬುದು ಮೊದಲನೆಯದು. ಅದು ಯಾವ ವರ್ಷ ಪ್ರೌಢಶಿಕ್ಷಣಕ್ಕೆ ಸೇರುವವರಿಗೆ ಅನ್ವಯಿಸುತ್ತದೆ ಎಂಬುದು ಎರಡನೆಯದು, ಏಕೆಂದರೆ ದೊಡ್ಡ ಬದಲಾವಣೆಗಳನ್ನು ಮೂರು ವರ್ಷ ಮೊದಲೇ ಸಾರುವುದು ಅಲ್ಲಿನ ಪದ್ಧತಿ. 2014ರ ಸುಧಾರಣೆಯಂತೆ ಮೊದಲ ಗಾವೊಕಾವೊ ನಡೆದದ್ದು 2017ರಲ್ಲಿ. ಮಾರ್ಚ್ ತಿಂಗಳ ಒಂದು ಸಲಹೆಯಿಂದ ಆ ಜೂನ್‌ನ ಪತ್ರಿಕೆ ಬದಲಾದ ಉದಾಹರಣೆ ಇಲ್ಲ.